ನೊಣದ ಸ್ವರ

ಸೆಪ್ಟೆಂಬರ್ 30, ಮಂಗಳವಾರ

ಅಖಂಡ ಕೀರ್ತಿಶಾಲಿಗಳೂ, ಸಾನ್ ಹಸಿಂತೊ ಪುರಸಭಾ ಬ್ಯಾಂಡಿನ ಏಕೈಕ ಕಾಯಂ ಸದಸ್ಯರೂ, ಬ್ಯಾಂಡ್ ಕೋಣೆಯ ಕಪಾಟಿನಲ್ಲಿ ಹಳದಿ ಹಾಳೆಯೊಂದರ ಕೊನೆಯ ಸಾಲಿನ ಮೇಲೆ ಚಿರನಿದ್ರೆಯಲ್ಲಿ ಪವಡಿಸಿರುವವರೂ ಆದ ಮಹಾಮಹಿಮ ನೊಣ ಮಹಾಶಯರ ದಿವ್ಯ ಪಾದಾರವಿಂದಗಳಿಗೆ — ಆರಕ್ಕೆ ಆರೂ ಪಾದಗಳಿಗೆ — ಮೂರನೆಯ ಕ್ಲಾರಿನೆಟ್ಟಿನ ನಾರ್ಸಿಸಾ ಒಚೋವಾ ಎಂಬ ಯಃಕಶ್ಚಿತ್ ಪ್ರಾಣಿ ಸಾಷ್ಟಾಂಗ ನಮಸ್ಕರಿಸಿ ಮಾಡಿಕೊಳ್ಳುವ ಬಿನ್ನಹ.

ಹೊಸ ನೋಟ್‌ಬುಕ್. ಯಾರಿಗಾದರೂ ಬರೆಯಬೇಕಲ್ಲ. ಓದು ಬಾರದವರಿಗೆ ಬರೆಯುವುದು ಕ್ಷೇಮ.

ಇವತ್ತು ನಾನು ಇಲ್ಲ. ಸರ್ಕಾರಿ ಲೆಕ್ಕದಲ್ಲಿ ಇಲ್ಲ, ಎಂದರ್ಥ. ಮೂರು ತಿಂಗಳ ಗುತ್ತಿಗೆ ನಿನ್ನೆಗೆ ಮುಗಿಯಿತು. ಹೊಸದು ನಾಳೆಯಿಂದ. ನಡುವೆ ಒಂದು ದಿನ ಬೇಕೆಂದೇ ಖಾಲಿ ಬಿಡುತ್ತಾರೆ. ಬಿಡದೆ ಹೋದರೆ ನಾವೆಲ್ಲ ಕಾಯಂ ಆಗಿಬಿಡುವ ಅಪಾಯವಿದೆ. ಹಾಗೆಂದು ಈ ಇಲ್ಲದ ದಿನ ಬ್ಯಾಂಡಿಗೆ ರಜೆಯೆಂದು ಯಾರೂ ಭಾವಿಸಬಾರದು. ಮೇಯರ್ ಸಾಹೇಬರ ಹೊಸ ಕಾರಂಜಿಯ ಉದ್ಘಾಟನೆ ಇವತ್ತೇ ಇತ್ತು. ಎಲ್ಲರೂ ಸ್ವಯಂಪ್ರೇರಿತರಾಗಿ ಹೋದೆವು. ಪ್ರೇರಣೆಯಾಗದವರಿಗೆ ನಾಳೆಯ ಗುತ್ತಿಗೆ ಆಗುವುದಿಲ್ಲ.

ಹೂವಿನವಳ ಹತ್ತಿರ ಬಾಡಿದ ಹೂಚಕ್ರವೊಂದು ಬಿಟ್ಟಿ ಸಿಕ್ಕಿತ್ತು, ಶವಗಳಿಗೆ ಇಡುತ್ತಾರಲ್ಲ, ಅಂಥದ್ದು. ರಿಬ್ಬನ್ ಮೇಲೆ ಬರೆದೆ — "ಇಂದು ಅಗಲಿ ನಾಳೆ ಬೆಳಿಗ್ಗೆ ಮರಳಲಿರುವ ಪುರಸಭಾ ಬ್ಯಾಂಡಿಗೆ ಕಂಬನಿಯ ಕಾಣಿಕೆ." ಕಾರಂಜಿಯ ಕಟ್ಟೆಗೆ ಒರಗಿಸಿಟ್ಟೆ. ಮೇಯರ್ ಕನ್ನಡಕ ತಂದಿರಲಿಲ್ಲ. ಯಾರೋ ಹಿರಿಯರ ನೆನಪಿಗೆ ಇರಬೇಕೆಂದು ಟೋಪಿ ತೆಗೆದು ತಲೆಬಾಗಿ ನಿಂತರು. ಊರೂ ನಿಂತಿತು. ನಾವು ನಮಗೇ ಶೋಕಗೀತೆ ನುಡಿಸಿಕೊಂಡೆವು. ಬಹಳ ಚೆನ್ನಾಗಿ ಬಂತು.

ಪಕ್ಕದ ಕುರ್ಚಿಯ ಅಬ್ದೋನ್ ಮೇಷ್ಟ್ರು, ನಮ್ಮ ಮೊದಲನೆಯ ಕ್ಲಾರಿನೆಟ್ಟು, ಊದುತ್ತಲೇ ಕಣ್ಣಲ್ಲಿ ಗದರಿದರು. ಮುಗಿದ ಮೇಲೆ —

"ಅದು ನಿಂದೇ ಕೆಲಸ ತಾನೇ?"

"ಯಾವುದು ಮೇಷ್ಟ್ರೇ?"

"ಇಡೀ ಊರಲ್ಲಿ ಅಷ್ಟು ದುಂಡಗೆ ಬರೆಯೋಳು ನೀನೊಬ್ಬಳೇ. ಬರೆಯೋಕೆ ಹೇಳ್ಕೊಟ್ಟವನಿಗೆ ಗೊತ್ತಾಗಲ್ವಾ?"

ಅಕ್ಟೋಬರ್ 2, ಗುರುವಾರ

ಮತ್ತೆ ಹುಟ್ಟಿದ್ದೇವೆ. ಈ ಸಲ ಆಯುಷ್ಯ ಮೋಟು. ಗುತ್ತಿಗೆ ನವೆಂಬರ್ ಕೊನೆಯವರೆಗೆ ಮಾತ್ರ.

ಸಂಸ್ಕೃತಿ ವಿಭಾಗದ ಹೊಸ ನಿರ್ದೇಶಕ ಲಾರಿವಾ ಸಾಹೇಬರು ಅಭ್ಯಾಸದ ಹೊತ್ತಿಗೆ ಬಂದರು. ಹೊಸ ಬೂಟು, ಕಿರ್ರ್ ಕಿರ್ರ್. ಬ್ಯಾಂಡ್ ಎಂದರೆ ಒಂದು ಕುಟುಂಬ ಎಂದರು. ಆಗಲೇ ನನಗೆ ಅನುಮಾನ ಬಂತು. ಕುಟುಂಬ ಎನ್ನುವವರು ಯಾರನ್ನೋ ಮನೆಯಿಂದ ಹೊರಗೆ ಹಾಕುವುದಕ್ಕೇ ಬಂದಿರುತ್ತಾರೆ.

ವಿಷಯ ಇಷ್ಟು: ಬ್ಯಾಂಡು ಅರ್ಧಕ್ಕಿಳಿಯುತ್ತದೆ. ಆರು ಕ್ಲಾರಿನೆಟ್ಟುಗಳಲ್ಲಿ ಮೂರು ಉಳಿಯುತ್ತವೆ. ಎಲ್ಲರೂ ಹೊಸದಾಗಿ ಪರೀಕ್ಷೆ ಕೊಡಬೇಕು. ಹೊರಗಿನವರೂ ಬರಬಹುದು.

"ಯಾರ ಮೇಲೂ ಸೇಡಿಲ್ಲ, ಯಾರ ಮೇಲೂ ಮಮಕಾರ ಇಲ್ಲ," ಎಂದರು ಸಾಹೇಬರು. "ಪರದೆ ಕಟ್ತೀವಿ. ತೀರ್ಪುಗಾರರು ರಾಜಧಾನಿ ಕ್ವಿಟೊದಿಂದ ಬರ್ತಾರೆ. ಅವರಿಗೆ ಮುಖ ಕಾಣಲ್ಲ, ಹೆಸರು ಗೊತ್ತಾಗಲ್ಲ. ಸ್ವರ ಮಾತ್ರ ಕೇಳುತ್ತೆ."

ಟ್ಯೂಬಾದ ಸೆಗುಂದೊ ಕೈ ಎತ್ತಿದ. "ಸಾಹೇಬ್ರೇ, ನನ್ನ ಹೊಟ್ಟೆ ಪರದೆಯಿಂದ ಆಚೆ ಬರುತ್ತೆ. ಅದಕ್ಕೇನು ಮಾಡೋಣ?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಅದು ನನಗೆ ಹಿಡಿಸಲಿಲ್ಲ.

ಮೇಷ್ಟ್ರು ನಗಲಿಲ್ಲ. ಕ್ಲಾರಿನೆಟ್ಟಿನ ಒಳಗೆ ಬಟ್ಟೆ ಎಳೆಯುತ್ತಾ ಕೂತಿದ್ದರು. ಒಮ್ಮೆ ಎಳೆದರೆ ಸಾಕು. ಎಳೆಯುತ್ತಲೇ ಇದ್ದರು. ಗುತ್ತಿಗೆಗಳನ್ನೆಲ್ಲ ಕೂಡಿಸಿದರೆ ಅವರಿಗೆ ಇನ್ನೆರಡು ವರ್ಷಕ್ಕೆ ಪಿಂಚಣಿ. ಅದರೊಳಗೆ ಹೊರಬಿದ್ದರೆ, ಹಿಂದಿನ ಅಷ್ಟೂ ವರ್ಷ ಇದ್ದೂ ಇಲ್ಲದ ಲೆಕ್ಕ.

ದಾರಿಯಲ್ಲಿ ಕೇಳಿದೆ: "ಮೇಷ್ಟ್ರೇ, ನಾವಿಬ್ಬರೂ ಒಂದೇ ಕುರ್ಚಿಗೆ ಬಿದ್ದರೆ?"

"ಕುರ್ಚಿ ಮೂರಿವೆ ಕಣಮ್ಮ. ನಾವಿಬ್ಬರು. ಕೂಡೋ ಲೆಕ್ಕ ಬರಲ್ವಾ ನಿನಗೆ?"

"ಉಳಿದ ನಾಲ್ವರು?"

"ಅವರಿಗೆ ಪಾಠ ಹೇಳಿದವನು ನಾನಲ್ಲ. ಅವರ ಚಿಂತೆ ಅವರ ಮೇಷ್ಟ್ರು ಮಾಡ್ಲಿ."

ಅಕ್ಟೋಬರ್ 5, ಭಾನುವಾರ

ಚೌಕದ ಕಾರ್ಯಕ್ರಮ. ಕಬ್ಬಿಣದ ಮಂಟಪ, ಮಡಚುವ ಕುರ್ಚಿಗಳು. ನನ್ನ ಕುರ್ಚಿಗೆ ಮೂರೇ ಕಾಲು ನೆಟ್ಟಗಿವೆ, ನಾಲ್ಕನೆಯದು ನಾನು. ಕೊನೆಗೆ ಎಂದಿನಂತೆ "ಎದುರುಮನೆಯ ಕಿಟಕಿ".

ಮಹಾಶಯರೇ, ತಮ್ಮ ಚರಿತ್ರೆಯನ್ನು ತಮಗೇ ನಿವೇದಿಸುವ ಉದ್ಧಟತನಕ್ಕೆ ಕ್ಷಮೆ ಇರಲಿ. ಈ ಪಸಿಯೊ — ನಮ್ಮ ಕಡೆ ಅಳುವುದಕ್ಕೆಂದೇ ಮಾಡಿಟ್ಟ ನಿಧಾನದ ಧಾಟಿ — ಬರೆದವರು ಬ್ಯಾಂಡಿನ ಮೊದಲ ಮುಖ್ಯಸ್ಥರಾದ ದೋನ್ ಬೆಲಿಸಾರಿಯೊ. ಮಸಿ ಆರುವ ಮುಂಚೆಯೇ ತಾವು ಬಂದು ಹಾಳೆಯ ಮೇಲೆ ಕೂತಿರಿ. ಯಾರೋ ಟೋಪಿಯಿಂದ ಬಡಿದರು. ತಾವು ಅಲ್ಲೇ ಐಕ್ಯರಾದಿರಿ. ಮುಂದೆ ಅದನ್ನು ನಕಲು ಮಾಡಲು ಕೂತವರು ಅವರ ಅಳಿಯ. ದೃಷ್ಟಿ ಮಂದ. ತಮ್ಮನ್ನೂ ಒಂದು ಸ್ವರವೆಂದು ತಿಳಿದು, ಅದಕ್ಕೊಂದು ಬಾಲ ಎಳೆದು, ರಾಗ ನುಡಿಸುವ ಎಲ್ಲ ವಾದ್ಯಗಳ ಹಾಳೆಗೂ ಇಳಿಸಿಬಿಟ್ಟರು. ಅಂದಿನಿಂದ ಊರು ತಮ್ಮನ್ನು ನುಡಿಸುತ್ತಿದೆ.

ಕೊನೆಯ ಸಾಲು ಇಳಿದು, ಇಳಿದು, ಇನ್ನೇನು ನಿಲ್ಲಬೇಕು. ಅಷ್ಟರಲ್ಲಿ ಮೇಲಿಂದ ಒಂದು ಪುಟ್ಟ ಸ್ವರ. ಅಳು ತಡೆದುಕೊಂಡವರಿಗೆ ಬರುವ ಬಿಕ್ಕಿನ ಹಾಗೆ. ಆಮೇಲೆ ಮೌನ.

ಇಲ್ಲಿನ ತಾಯಂದಿರು ಮಗು ತೂಗುವಾಗಲೂ ಅದನ್ನು ಗುನುಗುತ್ತಾರೆ, ಬಿಕ್ಕಿನ ಸಮೇತ. ಬೇರೆ ಊರುಗಳಲ್ಲಿ ಅದಿಲ್ಲದೆ ನುಡಿಸುತ್ತಾರಂತೆ. ಪಾಪ.

ಅಕ್ಟೋಬರ್ 10, ಶುಕ್ರವಾರ

ಪರೀಕ್ಷೆಗೆ "ಎದುರುಮನೆಯ ಕಿಟಕಿ"ಯನ್ನೇ ಇಟ್ಟಿದ್ದಾರೆ. ಕುಣಿಯಬೇಕು ಅಂದುಕೊಂಡೆ — ನಿದ್ದೆಯಲ್ಲೂ ಬರುವಂಥದ್ದು. ಅಷ್ಟರಲ್ಲಿ ಸಾಹೇಬರು ಕ್ವಿಟೊದಿಂದ ಬಂದ ಅಚ್ಚಿನ ಹಾಳೆ ಹಂಚಿದರು. ಬೆಳ್ಳಗೆ, ಶುಭ್ರವಾಗಿ, ಆಸ್ಪತ್ರೆಯ ಹಾಸಿಗೆಯ ಹಾಗೆ. ಕೊನೆಯ ಸಾಲು ನೋಡಿದೆ. ತಾವು ಇಲ್ಲ.

"ಅಚ್ಚಾಗಿರೋದೇ ಪ್ರಮಾಣ," ಎಂದರು ಸಾಹೇಬರು. "ಇಲ್ಲಿ ಏನೋ ಒಂದು ಹೆಚ್ಚಿನ ಸ್ವರ ರೂಢಿಯಲ್ಲಿದೆ ಅಂತ ಕೇಳಿದೀನಿ. ತೀರ್ಪುಗಾರರು ಅದನ್ನ ತಪ್ಪು ಅಂತಲೇ ಬರ್ಕೊಳ್ಳೋದು."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪರದೆ ಮುಖ ಮುಚ್ಚುತ್ತದೆ, ಹೆಸರು ಮುಚ್ಚುತ್ತದೆ. ನೊಣವನ್ನು ಮುಚ್ಚುವುದಿಲ್ಲ. ಆ ಸ್ವರ ಕೇಳಿದ ಕೂಡಲೇ ಇದು ಹಳೆಯ ಬ್ಯಾಂಡಿನ ತಲೆ ಎಂದು ಗೊತ್ತಾಗುತ್ತದೆ, ಅದೂ ತಪ್ಪಿನ ಸಮೇತ.

ಸೆಗುಂದೊ ಮಾತ್ರ ಟ್ಯೂಬಾ ತಬ್ಬಿಕೊಂಡು ಹೇಳಿದ: "ನನ್ನ ಹಾಳೆಯಲ್ಲಿ ನೊಣವೇ ಇಲ್ಲಪ್ಪ. ಮೊದಲಿಂದ ಕೊನೇವರೆಗೆ ಪುಂ, ಪುಂ. ಜೀವಮಾನದಲ್ಲಿ ಮೊದಲನೇ ಸಲ ಅದರಿಂದ ಲಾಭ ಆಗ್ತಿದೆ."

ಅಕ್ಟೋಬರ್ 11, ಶನಿವಾರ

ಹುರಿದ ಕೋಳಿಯ ಅಂಗಡಿಯೊಂದರ ಉದ್ಘಾಟನೆ. ಬ್ಯಾಂಡ್ ಒಂದನ್ನೇ ನಂಬಿ ಬದುಕುವವರು ನಮ್ಮಲ್ಲಿ ಯಾರೂ ಇಲ್ಲ. ಮದುವೆ, ಸಾವು, ಕೋಳಿ. ಬಾಗಿಲಲ್ಲಿ ನಿಂತು ಮಧ್ಯಾಹ್ನದವರೆಗೆ ಊದಿದೆ. ಪಕ್ಕದಲ್ಲಿ ಕೋಳಿ ವೇಷದವನು ಕುಣಿಯುತ್ತಿದ್ದ. ಬಿಡುವಿನಲ್ಲಿ ತಲೆ ಕಳಚಿದ. ನೋಡಿದರೆ ಊರಿನ ನಾಟಕ ಕಂಪನಿಯ ನಟ. ಹೋದ ವರ್ಷ ರಾಜನ ಪಾತ್ರದಲ್ಲಿ ನೋಡಿದ್ದೆ.

"ಒಳಗೆ ಸೆಕೆ ಇದ್ಯಾ ಮಹಾಪ್ರಭುಗಳೇ?"

"ಕಿರೀಟಕ್ಕಿಂತ ಹಗುರ ಕಣಮ್ಮ. ಊಟಾನೂ ಇದೆ."

ಊಟವೂ ಕೋಳಿಯೇ. ಅವನು ರೆಕ್ಕೆಯಲ್ಲೇ ಹಿಡಿದು ತಿಂದ. ನಾನು ನಗುವುದನ್ನು ಮನೆಗೆ ಬರುವವರೆಗೆ ತಡೆದುಕೊಂಡೆ. ಮನೆಗೆ ಬಂದ ಮೇಲೆ ಬರಲಿಲ್ಲ.

ಅಕ್ಟೋಬರ್ 16, ಗುರುವಾರ

ಮೇಷ್ಟ್ರ ಅಡುಗೆಮನೆ. ಒಂಬತ್ತು ವರ್ಷದವಳಾಗಿದ್ದಾಗ ನಾನು ಮೊದಲ ಸ್ವರ ಊದಿದ್ದು ಇದೇ ಬೆಂಚಿನ ಮೇಲೆ. ಮೇಷ್ಟ್ರ ಹೆಂಡತಿ ದೋನ್ಯಾ ಸೋಯ್ಲಾ ಒಲೆಯ ಮುಂದೆ. ಒಂದು ಕೈಯಲ್ಲಿ ಜೋಳ ಕಲಕುವ ಸೌಟು, ಇನ್ನೊಂದರಲ್ಲಿ ಪಾತ್ರೆಯ ಮುಚ್ಚಳ. ಮೇಷ್ಟ್ರು ನೊಣ ನುಡಿಸಿದ ಕೂಡಲೇ ಮುಚ್ಚಳ ಬಡಿಯಬೇಕು. ನಾಯಿಯನ್ನು ಪಳಗಿಸುವ ಹಾಗೆ ಬೆರಳನ್ನೂ ಪಳಗಿಸಬಹುದು ಎಂಬುದು ಸಿದ್ಧಾಂತ.

ಸಾಲು ಇಳಿಯಿತು. ಇಳಿಯಿತು. ಢಣ್.

"ನಾನು ನುಡಿಸ್ಲಿಲ್ಲ ಕಣೇ."

"ಮತ್ತೆ ಯಾರು, ಹಿತ್ತಲಿನ ಹಂದಿನಾ?"

ಮತ್ತೆ. ಢಣ್. ಮತ್ತೆ. ಢಣ್. ನೆರೆಯವರು ಗೋಡೆ ಬಡಿದರು.

ಮೇಷ್ಟ್ರು ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. "ಬೆರಳು ಹೇಳಿದ ಮಾತು ಕೇಳುತ್ತೆ. ಉಸಿರಿಗೆ ಹೇಗೆ ಹೇಳೋದು? ಆ ಜಾಗ ಬಂದ ಕೂಡ್ಲೇ ತಾನೇ ಮೇಲಕ್ಕೆ ಹೋಗುತ್ತೆ."

ಬಾಗಿಲವರೆಗೆ ಬಿಡಲು ಬಂದ ದೋನ್ಯಾ ಸೋಯ್ಲಾ ಮೆಲ್ಲಗೆ ಹೇಳಿದರು: "ನಿದ್ದೆಯಲ್ಲಿ ನನ್ನ ಬೆನ್ನ ಮೇಲೆ ನುಡಿಸ್ತಾರೆ ಮಗಳೇ. ಅಲ್ಲೂ ನೊಣ ಬರುತ್ತೆ."

ನನಗೆ ಎರಡು ದಿನದಲ್ಲಿ ಬಿಡಲು ಬಂತು. ಅವರಿಗೆ ಹೇಳಲಿಲ್ಲ. ಎಳೆಯ ಉಸಿರು.

ನವೆಂಬರ್ 2, ಭಾನುವಾರ

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೇನೂ ಇರಲಿಲ್ಲ, ಢಣ್ ಬಿಟ್ಟರೆ.

ಸತ್ತವರ ಹಬ್ಬ. ಬೆಳಿಗ್ಗೆಯಿಂದ ಸ್ಮಶಾನದಲ್ಲೇ. ಊರು ಊರೇ ಗೋರಿಗಳ ನಡುವೆ ಕೂತು ನೇರಳೆ ಬಣ್ಣದ ಗಂಜಿ ಕುಡಿಯುತ್ತಾ, ಗೊಂಬೆಯಾಕಾರದ ಬ್ರೆಡ್ಡು ಮುರಿಯುತ್ತಾ ಇರುತ್ತದೆ. ಕರೆದವರ ಗೋರಿಗೆ ಹೋಗಿ ನುಡಿಸುವುದು. ನಾನೂ ಮೇಷ್ಟ್ರೂ ಜೋಡಿ.

ಮುದುಕಿಯೊಬ್ಬಳು ಕರೆದಳು. ಗಂಡನ ಗೋರಿ. "ಕಿಟಕಿ ಹಾಡು ನುಡಿಸಿ ಸ್ವಾಮಿ. ನೊಣ ಬಿಡ್ಬೇಡಿ ಮತ್ತೆ. ಅದು ಬಂದಾಗ ಅವರು ನನ್ನ ಕೈ ಹಿಸುಕೋರು."

ಮೇಷ್ಟ್ರು ನುಡಿಸಿದರು. ಮುದುಕಿ ತನ್ನ ಕೈಯನ್ನು ತಾನೇ ಹಿಸುಕಿಕೊಂಡಳು.

ಹಿಂದಿರುಗುವಾಗ ಮೇಷ್ಟ್ರು: "ಇದನ್ನ ತಪ್ಪು ಅಂತ ಯಾರಿಗಮ್ಮ ಹೇಳೋದು?"

ಆಗಲೇ ಹೊಳೆದದ್ದು. ಒಬ್ಬರು ನುಡಿಸಿದರೆ ತಪ್ಪು. ಬ್ಯಾಂಡಿನ ಪ್ರತಿಯೊಬ್ಬರೂ ನುಡಿಸಿದರೆ? ಎಲ್ಲರನ್ನೂ ತೆಗೆದುಹಾಕಲು ಆಗುವುದಿಲ್ಲ. ಹೊರಗಿನಿಂದ ಬರುವವರು ನಾಲ್ಕಾರು ಮಂದಿ; ಡಿಸೆಂಬರಿನ ಹಬ್ಬಗಳಿಗೆ ಬ್ಯಾಂಡು ಬೇಕು. ನೊಣವನ್ನು ಒಪ್ಪದೆ ಬೇರೆ ದಾರಿ ಇರುವುದಿಲ್ಲ.

ಮೇಷ್ಟ್ರು ನಿಂತುಬಿಟ್ಟರು. "ಎಲ್ಲರೂ ಅಂದ್ರೆ ಎಲ್ಲರೂ ನುಡಿಸ್ಬೇಕು."

"ಅದನ್ನು ನನಗೆ ಬಿಡಿ," ಎಂದೆ.

ನವೆಂಬರ್ 6, ಗುರುವಾರ

ಮಹಾಶಯರೇ, ತಮ್ಮ ಸನ್ನಿಧಿಯಲ್ಲಿ ಇಂದು ನಡೆದ ಪ್ರತಿಜ್ಞಾವಿಧಿಯ ವರದಿ.

ಅಭ್ಯಾಸ ಮುಗಿದ ಮೇಲೆ ಬಾಗಿಲು ಹಾಕಿದೆ. ತಮ್ಮ ಹಳದಿ ಹಾಳೆಯನ್ನು ಕಪಾಟಿನಿಂದ ಇಳಿಸಿ, ಡ್ರಮ್ಮಿನ ಮೇಲೆ ಬಿಳಿ ಟವೆಲು ಹಾಸಿ, ಅದರ ಮೇಲೆ ಮಲಗಿಸಿದೆ. ಎರಡು ಮೇಣದಬತ್ತಿ. ತಮ್ಮ ಎರಡು ಕಾಲು ಈಗಲೂ ಸ್ಪಷ್ಟವಾಗಿ ಕಾಣುತ್ತವೆ. ಉಳಿದವು ಇತಿಹಾಸಕ್ಕೆ ಸೇರಿವೆ. ಸೆಗುಂದೊ ಟ್ಯೂಬಾದಲ್ಲಿ ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದ. ಒಬ್ಬೊಬ್ಬರೇ ಬಂದು ಹಾಳೆಯ ಮೇಲೆ ಬಲಗೈ ಇಟ್ಟು, ನಾನು ಹೇಳಿಕೊಟ್ಟದ್ದನ್ನು ಹೇಳಿದರು: "ಈ ಪೂಜ್ಯ ಕೀಟದ ಮೇಲೆ ಆಣೆ. ಪರದೆಯ ಹಿಂದೆಯೂ ನಾನು ಇದನ್ನು ಬಿಡುವುದಿಲ್ಲ."

ನಗದೆ ಹೇಳಿದವರು ಒಬ್ಬರೂ ಇಲ್ಲ. ಸೆಗುಂದೊನೂ ಕೈ ಇಟ್ಟ.

"ನಿನಗ್ಯಾಕೋ, ನಿನ್ನ ಹಾಳೇಲಿ ಇಲ್ವಲ್ಲ," ಎಂದರು ಯಾರೋ.

"ಇರಲಿ ಬಿಡಪ್ಪ. ಊರಿನ ಪಾಪದಲ್ಲಿ ನನಗೂ ಒಂದು ಪಾಲು."

ಕೊನೆಗೆ ಮೇಷ್ಟ್ರು ಬಂದರು. ಟೋಪಿ ತೆಗೆದರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಳೆಯ ಮೇಲಿಟ್ಟರು. ನಿಧಾನವಾಗಿ, ಒಂದೊಂದೇ ಮಾತು. ಅವರು ನಗಲಿಲ್ಲ. ಟ್ಯೂಬಾದ ಸ್ವರವೂ ನಿಂತುಹೋಯಿತು. ನಗುತ್ತಿದ್ದವರೆಲ್ಲ ನೆಲ ನೋಡಿದರು.

ನನಗೆ ಯಾರು ಹೇಳಿಕೊಡಬೇಕು? ಪುರೋಹಿತಳು ನಾನೇ ಆದ್ದರಿಂದ ನನಗೆ ಆಣೆ ಬೇಡ ಎಂದು ಸಭೆ ತೀರ್ಮಾನಿಸಿತು.

ನವೆಂಬರ್ 9, ಭಾನುವಾರ

ಇವತ್ತಿನ ಅಭ್ಯಾಸ ಬೀರುವಿನೊಳಗೆ. ಕ್ಲಾರಿನೆಟ್ಟಿನ ಸಮೇತ ತಲೆ ತೂರಿಸಿ ಬಟ್ಟೆಗಳ ನಡುವೆ ಊದಿದರೆ ಸದ್ದು ಹೊರಗೆ ಹೋಗುವುದಿಲ್ಲ. ಮನೆಯೊಡತಿಗೆ ತಲೆನೋವಂತೆ.

ನವೆಂಬರ್ 11

ಬೀರು.

ನವೆಂಬರ್ 12

ಬೀರು. ಮನೆಯೊಡತಿ ಮೆಟ್ಟಿಲಲ್ಲಿ ಸಿಕ್ಕಳು. "ತಲೆನೋವಾ? ನನಗ್ಯಾವಾಗ ಬಂದಿತ್ತು?" ಎಂದಳು.

ನವೆಂಬರ್ 14, ಶುಕ್ರವಾರ

ಮೇಷ್ಟ್ರ ಅಡುಗೆಮನೆ. ಕರೆಸಿಕೊಂಡಿದ್ದರು. ಏನೂ ಹೇಳದೆ ಕ್ಲಾರಿನೆಟ್ಟು ಎತ್ತಿದರು. ಸಾಲು ಇಳಿಯಿತು. ದೋನ್ಯಾ ಸೋಯ್ಲಾ ಮುಚ್ಚಳ ಎತ್ತಿ ಹಿಡಿದರು. ಇಳಿಯಿತು. ನಿಂತಿತು. ಮುಚ್ಚಳ ಗಾಳಿಯಲ್ಲೇ ಉಳಿಯಿತು.

ಮತ್ತೊಮ್ಮೆ. ಮತ್ತೊಮ್ಮೆ. ಅಚ್ಚಿನ ಹಾಳೆಯಷ್ಟೇ ಶುಭ್ರ.

"ಹೋಯ್ತು ಕಣಮ್ಮ," ಎಂದರು. ಹಲ್ಲು ಬಿದ್ದ ಹುಡುಗನ ಹಾಗೆ ನಗು. "ಆ ಜಾಗ ಬಂದಾಗ ಉಸಿರನ್ನ ಹೊಟ್ಟೆಲಿ ಹಿಡ್ಕೋಬೇಕು. ಅಷ್ಟೇ. ಇಷ್ಟು ವರ್ಷ ಗೊತ್ತಿರ್ಲಿಲ್ಲ ನೋಡು."

"ಹಾಗಾದರೆ ಪರದೆಯ ಹಿಂದೆ…"

"ಪರದೆ ಹಿಂದೆ ಏನು?"

"ಹೀಗೇ ನುಡಿಸಬಹುದಲ್ಲ ಮೇಷ್ಟ್ರೇ."

ನನ್ನ ಮುಖವನ್ನೇ ನೋಡಿದರು. "ಹಾಳೆ ಮೇಲೆ ಕೈ ಇಟ್ಟಿದೀನಿ. ನೀನೇ ಇಡಿಸಿದ್ದು."

"ಅದು ತಮಾಷೆ."

"ನೀನು ತಮಾಷೆ ಮಾಡ್ದೆ. ನಾನು ಮಾಡ್ಲಿಲ್ಲ." ಊದುವ ಬಾಯಿಯ ರೀಡ್ ಪಟ್ಟಿಯನ್ನು ಬಿಚ್ಚಿ ಡಬ್ಬಿಗೆ ಹಾಕಿದರು. "ಎಲ್ಲರೂ ನುಡಿಸಿದ್ರೆ ತಾನೇ ಎಲ್ಲರಿಗೂ ರಕ್ಷೆ? ನಾನು ಬಿಟ್ಟು ಒಳಗೆ ಸೇರ್ಕೊಂಡ್ರೆ, ನುಡಿಸಿದವರ ಗತಿ ಏನು? ನಾಳೆ ಯಾವ ಮುಖ ಇಟ್ಕೊಂಡು ಅವರ ಪಕ್ಕ ಕೂರ್ಲಿ?"

ದೋನ್ಯಾ ಸೋಯ್ಲಾ ಮುಚ್ಚಳವನ್ನು ಪಾತ್ರೆಯ ಮೇಲೆ ಇಟ್ಟರು. ಸದ್ದಾಗದ ಹಾಗೆ.

ನಾನು ಆಗ ಇನ್ನೊಂದು ಮಾತು ಹೇಳಬೇಕಿತ್ತು. ಬಟ್ಟಲಿಗೆ ಸಾರು ಬಡಿಸಿದರು. ತಣ್ಣಗಾಗುತ್ತಿತ್ತು. ಕುಡಿದೆ.

ನವೆಂಬರ್ 20, ಗುರುವಾರ

ಪರೀಕ್ಷೆ ಹಳೆಯ ಶಾಲೆಯಲ್ಲಿ. ಒಂದು ಕೋಣೆಯಲ್ಲಿ ಕಪ್ಪು ಪರದೆ, ಅದರಾಚೆ ತೀರ್ಪುಗಾರರು. ಪಕ್ಕದ ಕೋಣೆಯಲ್ಲಿ ಕಾಯುವ ನಾವು. ನುಡಿಸಿದವರು ಇನ್ನೊಂದು ಬಾಗಿಲಿನಿಂದ ನೇರ ಬೀದಿಗೆ. ಬೂಟು ಬಿಚ್ಚಬೇಕು. ಹೆಜ್ಜೆಯ ಸದ್ದಿನಲ್ಲಿ ಹೆಣ್ಣೋ ಗಂಡೋ ಗೊತ್ತಾಗಬಾರದಂತೆ. ಮಾತಾಡಬಾರದು, ಕೆಮ್ಮಬಾರದು. ಬಟ್ಟಲಿನಿಂದ ಚೀಟಿ ಎತ್ತಿದೆವು. ನನಗೆ ಕೊನೆಯ ಸಂಖ್ಯೆ.

ಗೋಡೆ ತೆಳು. ಎಲ್ಲ ಕೇಳಿತು.

ಮೊದಲು ಹೊರಗಿನ ಹುಡುಗನೊಬ್ಬ. ಶುಭ್ರ. ಆಮೇಲೆ ನಮ್ಮ ಟ್ರಂಪೆಟ್ಟಿನವನು. ಇವನು ಕೈಕೊಡುತ್ತಾನೆ ಎಂದು ನನ್ನ ಅನುಮಾನ. ಮೂರು ಮಕ್ಕಳ ತಂದೆ. ಸಾಲು ಇಳಿಯಿತು. ನೊಣ ಬಂತು. ಗಟ್ಟಿಯಾಗಿ, ಕಿಟಕಿ ತೆರೆದ ಹಾಗೆ. ಕಾಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೊಬ್ಬ. ನೊಣ. ಮತ್ತೊಬ್ಬ. ನೊಣ. ಹೊರಗಿನ ಹುಡುಗಿ. ಶುಭ್ರ, ಬಹಳ ಚೆಂದ. ನಮ್ಮವನು. ನೊಣ.

ಸೆಗುಂದೊ ಕಾಲುಚೀಲದಲ್ಲಿ ಹೋದ. ಪುಂ, ಪುಂ. ಕೊನೆಯಲ್ಲಿ, ತನ್ನ ಹಾಳೆಯಲ್ಲಿ ಎಂದೂ ಇಲ್ಲದ ಜಾಗದಲ್ಲಿ, ಟ್ಯೂಬಾದ ಹೊಟ್ಟೆಯಿಂದ ಒಂದು ದಪ್ಪನೆಯ ನೊಣ. ಆಚೆ ತೀರ್ಪುಗಾರರಲ್ಲಿ ಯಾರೋ ನಕ್ಕರು. ಒಬ್ಬ ಹೆಂಗಸಿನ ದನಿ: "ಇವರ ಹತ್ರ ಬೇರೆ ಪ್ರತಿ ಇದೆಯಾ ಹೇಗೆ?"

ಬ್ಯಾಂಡಿನ ಒಬ್ಬರೂ ಆಣೆ ಮುರಿಯಲಿಲ್ಲ. ಒಬ್ಬರೂ.

ಕೊನೆಗೆ ನಾನೂ ಮೇಷ್ಟ್ರೂ ಉಳಿದೆವು. ಅವರ ಕಾಲುಚೀಲದ ಹೆಬ್ಬೆರಳಿನ ಬಳಿ ನೀಟಾಗಿ ಹೊಲಿಗೆ ಹಾಕಿತ್ತು. ನನ್ನ ತಲೆ ಮೇಲೆ ಒಮ್ಮೆ ಕೈಯಿಟ್ಟು ಒಳಗೆ ಹೋದರು. ನುಡಿಸಿದರು. ಇಷ್ಟು ವರ್ಷ ಕೇಳಿದ್ದೇನೆ, ಹೀಗೆ ಕೇಳಿರಲಿಲ್ಲ. ಕೊನೆಯ ಸಾಲಿನಲ್ಲಿ ತುಟಿ ಒಂದಿಷ್ಟು ನಡುಗಿತು. ನೊಣ ಬಂತು. ಬಿಡಲು ಕಲಿತ ಮೇಲೆ ನುಡಿಸಿದ ನೊಣ.

ಆಚೆ ಬಾಗಿಲು ಮುಚ್ಚಿದ ಸದ್ದು. "ಮುಂದಿನವರು," ಎಂದಿತು ಹೆಂಗಸಿನ ದನಿ.

ನನ್ನದೂ ಮುಗಿಯಿತು.

ನವೆಂಬರ್ 24, ಸೋಮವಾರ

ಬಾಗಿಲಿಗೆ ಹಚ್ಚಿದ್ದರು. ಟ್ರಂಪೆಟ್ಟಿನವನು ಉಳಿದ. ಸೆಗುಂದೊ ಉಳಿದ, ಟ್ಯೂಬಾಕ್ಕೆ ಹೊರಗಿನಿಂದ ಯಾರೂ ಬಂದಿರಲಿಲ್ಲ. ಕ್ಲಾರಿನೆಟ್ಟು ಮೂರು: ಹೊರಗಿನ ಹುಡುಗ, ಹೊರಗಿನ ಹುಡುಗಿ, ಮೂರನೆಯದಾಗಿ ನಾರ್ಸಿಸಾ ಒಚೋವಾ.

ಮೇಷ್ಟ್ರು ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ನನ್ನನ್ನು ತಬ್ಬಿಕೊಂಡರು.

"ನೊಣ ಇಟ್ಟೂ ತಗೊಂಡ್ರಲ್ಲ ನಿನ್ನ," ಎಂದರು ಕಿವಿಯಲ್ಲಿ. "ಅಂದ್ರೆ ನೊಣದ್ದೇನೂ ತಪ್ಪಿಲ್ಲ. ನನ್ನ ತುಟಿ ನಡುಗ್ತು. ಕೇಳಿಸ್ತಲ್ಲ ನಿನಗೆ? ನಿಜ ಹೇಳು."

"ಸ್ವಲ್ಪ," ಎಂದೆ.

"ಹೂಂ. ಅದೇ. ತೀರ್ಪು ನ್ಯಾಯವಾಗೇ ಇದೆ."

ಎಲ್ಲರಿಗೂ ಅದನ್ನೇ ಹೇಳುತ್ತಾ ಹೋದರು. ಸಮಾಧಾನ ಮಾಡಲು ಬಂದವರಿಗೆ ತಾವೇ ಸಮಾಧಾನ ಹೇಳಿದರು.

ಡಿಸೆಂಬರ್ 7, ಭಾನುವಾರ

ಹೊಸ ಬ್ಯಾಂಡಿನ ಮೊದಲ ಕಾರ್ಯಕ್ರಮ. ಹೊಸ ಕುರ್ಚಿ. ನಾಲ್ಕೂ ಕಾಲು ನೆಟ್ಟಗಿವೆ. ಗುತ್ತಿಗೆ ಮೂರು ತಿಂಗಳದ್ದೇ, ನಡುವಿನ ಖಾಲಿ ದಿನವೂ ಹಾಗೇ ಇದೆ. ಪಕ್ಕದಲ್ಲಿ ಹೊರಗಿನ ಹುಡುಗಿ. ಒಳ್ಳೆಯವಳು. ತುಂಬ ಚೆನ್ನಾಗಿ ನುಡಿಸುತ್ತಾಳೆ. ಅವಳನ್ನು ದ್ವೇಷಿಸಲು ಬಹಳ ಶ್ರಮ ಬೇಕು.

ಮೇಷ್ಟ್ರು ಕಾರಂಜಿಯ ಪಕ್ಕದ ಬೆಂಚಿನ ಮೇಲೆ, ದೋನ್ಯಾ ಸೋಯ್ಲಾ ಜೊತೆ, ಭಾನುವಾರದ ಕೋಟು ಹಾಕಿಕೊಂಡು.

"ಎದುರುಮನೆಯ ಕಿಟಕಿ", ಅಚ್ಚಿನ ಪ್ರಕಾರ. ಸಾಲು ಇಳಿಯಿತು, ನಿಂತಿತು. ಆ ಖಾಲಿ ಜಾಗದಲ್ಲಿ ಬೂಟು ಪಾಲಿಷಿನವನು ಶಿಳ್ಳೆ ಹಾಕಿದ. ಅವನ ಜೊತೆ ಐಸ್‌ಕ್ರೀಮಿನವಳು. ಇನ್ನೂ ಹತ್ತಾರು ಮಂದಿ. ಚೌಕದ ತುಂಬ ಒಂದೇ ಒಂದು ಪುಟ್ಟ ಸ್ವರ. ಲಾರಿವಾ ಸಾಹೇಬರು ತಿರುಗಿ ನೋಡಿದರು, ಯಾರೆಂದು ಗೊತ್ತಾಗಲಿಲ್ಲ.

ಮೇಷ್ಟ್ರು ಶಿಳ್ಳೆ ಹಾಕಲಿಲ್ಲ. ತೊಡೆಯ ಮೇಲೆ ಬೆರಳು ಮಾತ್ರ ಅಲ್ಲಾಡಿತು. ದೋನ್ಯಾ ಸೋಯ್ಲಾ ಆ ಬೆರಳಿನ ಮೇಲೆ ತಮ್ಮ ಕೈಯಿಟ್ಟರು.

ಡಿಸೆಂಬರ್ 13, ಶನಿವಾರ

ಕೋಳಿ ಅಂಗಡಿಯವರು ಇನ್ನೊಂದು ಶಾಖೆ ತೆರೆದಿದ್ದಾರೆ. ಬಾಗಿಲಲ್ಲಿ ಮೇಷ್ಟ್ರು. ಕ್ರಿಸ್‌ಮಸ್ಸಿನ ಕೆಂಪು ಟೋಪಿ. ದಾಟಿ ಹೋಗಿಬಿಡೋಣ ಅಂದುಕೊಂಡೆ, ಅವರೇ ಕರೆದರು.

"ಬಾಮ್ಮ. ಈ ಕೋಳಿಯಪ್ಪ ತುಂಬ ಒಳ್ಳೇ ಮನುಷ್ಯ. ರಾಜನ ಪಾರ್ಟು ಮಾಡ್ತಿದ್ನಂತೆ, ಗೊತ್ತಾ?"

"ಗೊತ್ತು ಮೇಷ್ಟ್ರೇ."

"ಬೆಳಿಗ್ಗೆಯಿಂದ ನಾಲ್ಕು ಸಲ ಕಿಟಕಿ ಹಾಡು ಕೇಳಿದ್ರು ಜನ. ಇಲ್ಲಿ ನೊಣಕ್ಕೆ ಯಾರ ಅಪ್ಪಣೆಯೂ ಬೇಡ." ಪೆಟ್ಟಿಗೆಯ ಒಳಪದರದಿಂದ ಬಟ್ಟೆಯಲ್ಲಿ ಸುತ್ತಿದ್ದೇನೋ ತೆಗೆದರು. ಹಳದಿ ಹಾಳೆ. "ಸಾಹೇಬರು ಕಪಾಟು ಖಾಲಿ ಮಾಡಿಸ್ತಿದ್ರು. ಕಸಕ್ಕೆ ಹೋಗ್ತಿತ್ತು, ತಂದಿಟ್ಕೊಂಡಿದ್ದೆ. ನೀನು ಇಟ್ಕೋ."

"ನಿಮ್ಮ ಹತ್ತಿರವೇ ಇರಲಿ."

"ನಮ್ಮಲ್ಲಿ ಒಳಗೆ ಉಳಿದ ಕ್ಲಾರಿನೆಟ್ಟು ನೀನೊಬ್ಬಳೇ. ಪರದೆ ಹಿಂದೆ ಯಾರೂ ನೋಡದೇ ಇರೋವಾಗ್ಲೂ ಬಿಡ್ಲಿಲ್ಲವಲ್ಲ ನೀನು. ಇದು ನಿಂದು."

ತೆಗೆದುಕೊಂಡೆ. ಕೋಳಿಯಪ್ಪ ರೆಕ್ಕೆ ಬಡಿದು ಚಪ್ಪಾಳೆ ತಟ್ಟಿದ.

ಡಿಸೆಂಬರ್ 14, ಭಾನುವಾರ

ಮಹಾಶಯರೇ,

ಈಗ ತಾವು ನನ್ನ ಮೇಜಿನ ಮೇಲಿದ್ದೀರಿ. ಕಪಾಟಿನಲ್ಲಿದ್ದಾಗ ಬರೆಯುವುದು ಸುಲಭವಿತ್ತು.

ಸಂಜೆ ಚೌಕದ ಕಾರ್ಯಕ್ರಮವಿದೆ. ಮೇಷ್ಟ್ರು ಅದೇ ಬೆಂಚಿನ ಮೇಲೆ ಇರುತ್ತಾರೆ. ಶರ್ಟಿಗೆ ಇಸ್ತ್ರಿ ಹಾಕಬೇಕು, ಬೀರು ತೆರೆಯಬೇಕು. ಬೆಳಿಗ್ಗೆಯಿಂದ ತೆರೆದಿಲ್ಲ.

ಆ ದಿನ ಕೋಣೆಯಲ್ಲಿ ಉಳಿದವಳು ನಾನೊಬ್ಬಳೇ. ಗೋಡೆಯ ಈಚೆ ಕೇಳುವವರು ಯಾರೂ ಇರಲಿಲ್ಲ. ತುಟಿ ನಡುಗಲಿಲ್ಲ, ಬೆರಳು ಜಾರಲಿಲ್ಲ. ಕೊನೆಯ ಸಾಲು ಇಳಿಯಿತು, ಇಳಿಯಿತು, ನಿಂತಿತು.

ನಾನು ತಮ್ಮನ್ನು ನುಡಿಸಲಿಲ್ಲ.